ಸಹಿ ರಾಜಭವನದ್ದು, ಕಂತು ದೇವದುರ್ಗದ್ದು

ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು 'ಸಾಲ ಎಷ್ಟೈತವ್ವಾ?' ಎಂದು ಕೇಳಿದರೆ ಒಂದೇ ಲೆಕ್ಕ ಬರುವುದಿಲ್ಲ. 'ಸಂಘದ್ದು ಇಷ್ಟೈತ್ರಿ, ಕೈಸಾಲ ಬ್ಯಾರೆ ಐತಿ' ಎಂಬ ಉತ್ತರ ಬರುತ್ತದೆ. ಸಂಘದ್ದು ಎಂದರೆ ಹತ್ತು ಮಂದಿ ಹೆಂಗಸರನ್ನು ಗುಂಪು ಮಾಡಿ ಮೈಕ್ರೊ ಫೈನಾನ್ಸ್ ಕಂಪನಿಯವರು ಕೊಡುವ ಸಾಲ. ಕೈಸಾಲ ಎಂದರೆ ಊರ ಸಾಹುಕಾರರು, ಪೇಟೆಯ ಬಡ್ಡಿ ವ್ಯಾಪಾರಿಗಳು, ಯಾವ ಫಲಕವೂ ಇಲ್ಲದ ಫೈನಾನ್ಸಿನವರು ಕೊಟ್ಟದ್ದು. ಕೊಡಬೇಕಾದವಳಿಗೆ ಎರಡೂ ಒಂದೇ. ಆದರೆ 2025ರ ಫೆಬ್ರುವರಿ 12ರಂದು ರಾಜ್ಯಪಾಲ ಥಾವರಚಂದ್ ಗೆಹಲೋತ್ ಅವರು ಅಂಕಿತ ಹಾಕಿದ ಸುಗ್ರೀವಾಜ್ಞೆಯ ಕಣ್ಣಲ್ಲಿ ಇವೆರಡೂ ಬೇರೆ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ನಮ್ಮ ಜಿಲ್ಲೆಯಲ್ಲಿ ಎರಡು ಬಗೆಯ ಅನಾಹುತ ಆಗಬಹುದು. ತನಗೆ ರಕ್ಷಣೆ ಇದ್ದರೂ ಇಲ್ಲವೆಂದುಕೊಂಡು ಒಬ್ಬಳು ಊರು ಬಿಡಬಹುದು. ಸಾಲವೇ ಮನ್ನಾ ಆಯಿತೆಂದು ನಂಬಿ ಇನ್ನೊಬ್ಬಳು ಕಂತು ನಿಲ್ಲಿಸಿ ಸಿಕ್ಕಿಹಾಕಿಕೊಳ್ಳಬಹುದು.

ಆ ಕಾನೂನಿನ ಪೂರ್ಣ ಹೆಸರು ಕರ್ನಾಟಕ ಕಿರು ಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ಪ್ರತಿಬಂಧಕ) ಸುಗ್ರೀವಾಜ್ಞೆ, 2025. ಅದು ಹುಟ್ಟಿದ ಹೊತ್ತು ನೆನಪಿರಬೇಕು. ಆ ವರ್ಷದ ಜನವರಿ ತಿಂಗಳಿಡೀ ಪತ್ರಿಕೆಗಳಲ್ಲಿ ಇದೇ ಸುದ್ದಿ. ಚಾಮರಾಜನಗರದ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಹೋದ ಕುಟುಂಬಗಳು, ಮಾಂಗಲ್ಯ ಉಳಿಸಿಕೊಡಿ ಎಂದು ಸರ್ಕಾರಕ್ಕೆ ಅಂಚೆಯಲ್ಲಿ ಮೊರೆಯಿಟ್ಟ ಹಾವೇರಿ ಜಿಲ್ಲೆಯ ಮಹಿಳೆಯರು, ಬೆಳಗಾವಿ, ಮೈಸೂರು, ರಾಯಚೂರು ಜಿಲ್ಲೆಗಳಿಂದ ಬಂದ ಕಿರುಕುಳ ಮತ್ತು ಆತ್ಮಹತ್ಯೆಯ ವರದಿಗಳು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕಂಪನಿಗಳನ್ನು ಕರೆದು ಸಭೆ ನಡೆಸಿದರು. ಜನವರಿ ಕೊನೆಯ ಹೊತ್ತಿಗೆ ಸಚಿವ ಸಂಪುಟ ಸುಗ್ರೀವಾಜ್ಞೆಗೆ ಮುಂದಾಯಿತು. ಕಡತ ರಾಜಭವನಕ್ಕೆ ಹೋಯಿತು.

ಫೆಬ್ರುವರಿ 7ರಂದು ರಾಜ್ಯಪಾಲರು ಅದನ್ನು ಸಹಿ ಹಾಕದೆ ವಾಪಸ್ ಕಳಿಸಿದರು. ಅವರ ಆಕ್ಷೇಪಗಳಲ್ಲಿ ಮೂರನ್ನು ಇಲ್ಲಿ ನೋಡಲೇಬೇಕು. ಸಾಲದ ಮೊತ್ತವೇ ಗರಿಷ್ಠ 3 ಲಕ್ಷ ಇರುವಾಗ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎನ್ನುವುದು ಅತಿಯಾಯಿತು. ಈಗಿರುವ ಕಾನೂನುಗಳನ್ನೇ ಸರಿಯಾಗಿ ಬಳಸಿದರೆ ಸಾಕು. ಅಧಿವೇಶನ ಹತ್ತಿರದಲ್ಲೇ ಇರುವುದರಿಂದ ಸದನದಲ್ಲಿ ಚರ್ಚಿಸಿ ಕಾನೂನು ಮಾಡುವುದು ಒಳ್ಳೆಯದು. ಕಾನೂನುಬದ್ಧವಾಗಿ ಸಾಲ ಕೊಟ್ಟವರು ವಸೂಲಿಗೆ ದಾರಿಯಿಲ್ಲದೆ ಕೂರಬೇಕಾದೀತೆಂಬ ಆತಂಕವೂ ಅವರ ಟಿಪ್ಪಣಿಯಲ್ಲಿತ್ತು. ಸರ್ಕಾರ ವಿವರಣೆ ಕೊಟ್ಟು ಮತ್ತೆ ಕಳಿಸಿತು. ಐದು ದಿನದ ನಂತರ ಸಹಿ ಬಿತ್ತು, ರಾಜ್ಯಪತ್ರದಲ್ಲಿ ಪ್ರಕಟವೂ ಆಯಿತು.

ಸುಗ್ರೀವಾಜ್ಞೆ ಎಂದರೇನು ಎಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಶಾಸಕಾಂಗದ ಅಧಿವೇಶನ ನಡೆಯದೆ ಇರುವಾಗ, ತಡಮಾಡಲಾಗದ ಪರಿಸ್ಥಿತಿ ಇದ್ದರೆ, ಸಂವಿಧಾನದ 213ನೇ ವಿಧಿಯಡಿ ರಾಜ್ಯಪಾಲರು ಹೊರಡಿಸುವ ತಾತ್ಕಾಲಿಕ ಕಾನೂನು ಅದು. ಸಹಿ ರಾಜ್ಯಪಾಲರದ್ದಾದರೂ ತೀರ್ಮಾನ ಮಂತ್ರಿಮಂಡಲದ್ದು. ಸದನ ಮತ್ತೆ ಸೇರಿದ ಮೇಲೆ ಆರು ವಾರದೊಳಗೆ ಅದು ಮಸೂದೆಯಾಗಿ ಅಂಗೀಕಾರವಾಗದಿದ್ದರೆ ತಾನಾಗಿ ಬಿದ್ದುಹೋಗುತ್ತದೆ. ಮಸೂದೆಯಾದರೆ ಅದರ ದಾರಿ 200ನೇ ವಿಧಿಯದು. ರಾಜ್ಯಪಾಲರು ಒಪ್ಪಿಗೆ ಕೊಡಬಹುದು, ಮರುಪರಿಶೀಲನೆಗೆ ವಾಪಸ್ ಕಳಿಸಬಹುದು, ರಾಷ್ಟ್ರಪತಿಗೆ ಕಾಯ್ದಿರಿಸಬಹುದು. ಈ ಸುಗ್ರೀವಾಜ್ಞೆ 2025ರ ಮಾರ್ಚ್‌ನ ಬಜೆಟ್ ಅಧಿವೇಶನದಲ್ಲಿ ಎರಡೂ ಸದನ ದಾಟಿ ಕಾಯ್ದೆಯಾಯಿತು.

ರಾಜ್ಯಪಾಲರ ಆಕ್ಷೇಪಗಳಲ್ಲಿ ಸದನದ ಚರ್ಚೆಯ ಮಾತನ್ನು ನಾನು ಒಪ್ಪುತ್ತೇನೆ. ಬಡವರ ಹೊಟ್ಟೆಯ ಮೇಲೆ ಬೀಳುವ ಕಾನೂನನ್ನು ಶಾಸಕರು ಸಾಲುಸಾಲಾಗಿ ಓದಿ ಪಾಸು ಮಾಡಬೇಕು. ಇರುವ ಕಾನೂನು ಸಾಕು ಎಂಬ ಮಾತನ್ನು ಮಾತ್ರ ರಾಯಚೂರಿನಲ್ಲಿ ನಿಂತು ಒಪ್ಪುವುದು ಕಷ್ಟ. ಲೇವಾದೇವಿದಾರರ ಕಾಯ್ದೆ ಬಂದದ್ದು 1961ರಲ್ಲಿ. ಗಿರವಿದಾರರ ಕಾಯ್ದೆಯೂ ಅದೇ ವರ್ಷದ್ದು. ದುಬಾರಿ ಬಡ್ಡಿ ನಿಷೇಧ ಕಾಯ್ದೆ 2004ರದು. ಭದ್ರತೆ ಇದ್ದ ಸಾಲಕ್ಕೆ ವರ್ಷಕ್ಕೆ ಶೇ 14, ಇಲ್ಲದ ಸಾಲಕ್ಕೆ ಶೇ 16 ಮಿತಿ ಎಂದು ಸರ್ಕಾರ ಗೊತ್ತುಮಾಡಿ ವರ್ಷಗಳೇ ಕಳೆದಿವೆ. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ನಡೆಯುವ ಮಾತು ನೂರಕ್ಕೆ ಮೂರು, ನೂರಕ್ಕೆ ಐದು. ಅದು ತಿಂಗಳ ಬಡ್ಡಿ. ನೂರಕ್ಕೆ ಐದೆಂದರೆ ವರ್ಷಕ್ಕೆ ಶೇ 60. ಮಿತಿ ಮೀರಿದ ಈ ಬಡ್ಡಿಯ ಬಗ್ಗೆ ದೂರು ಕೊಡಬಹುದೆಂದು ಎಷ್ಟು ಜನರಿಗೆ ಗೊತ್ತಿತ್ತು? ಗೊತ್ತಿದ್ದರೂ, ನಾಳೆ ಬೀಜ-ಗೊಬ್ಬರಕ್ಕೆ ಮತ್ತೆ ಅದೇ ಸಾಹುಕಾರನ ಮನೆಗೆ ಹೋಗಬೇಕಾದವರು ಠಾಣೆಯ ಮೆಟ್ಟಿಲು ಹತ್ತುತ್ತಾರೆಯೇ?

ಶಿಕ್ಷೆ ಅತಿಯಾಯಿತು ಎಂಬುದಕ್ಕೂ ಒಂದು ಉತ್ತರವಿದೆ. ದಂಡ ಇರುವುದು ಸಾಲದ ಮೊತ್ತಕ್ಕಲ್ಲ, ದೌರ್ಜನ್ಯಕ್ಕೆ. 20 ಸಾವಿರದ ಸಾಲಕ್ಕೆ ಮನೆಯ ಬಾಗಿಲಲ್ಲಿ ಕೂತು ಹೆಂಗಸಿನ ಮಾನ ಹರಾಜು ಹಾಕಿದರೂ, 2 ಲಕ್ಷದ ಸಾಲಕ್ಕೆ ಹಾಕಿದರೂ ಆಗುವ ಗಾಯ ಒಂದೇ. ಆತ್ಮಹತ್ಯೆಗೆ ಪ್ರಚೋದನೆ ನೀಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 108ನೇ ಸೆಕ್ಷನ್‌ನಲ್ಲಿ ಈಗಾಗಲೇ 10 ವರ್ಷದವರೆಗೆ ಶಿಕ್ಷೆಯಿದೆ. ಆ ಸೆಕ್ಷನ್ ಬಳಕೆಗೆ ಬರಬೇಕಾದರೆ ಒಂದು ಜೀವ ಹೋಗಿರಬೇಕು. ಅದಕ್ಕೂ ಮೊದಲು ಕೈ ಹಿಡಿಯುವ ಕಾನೂನು ಬೇಕಿತ್ತು.

ಹೊಸ ಕಾನೂನು ಯಾವುದನ್ನು ಬಲವಂತ ಎನ್ನುತ್ತದೆ? ಸಾಲಗಾರರ ಮೇಲೆ ಅಥವಾ ಮನೆಯವರ ಮೇಲೆ ಕೈ ಮಾಡುವುದು, ಬೈದು ಅವಮಾನಿಸುವುದು, ಬೆದರಿಸುವುದು. ಹೋದಲ್ಲಿ ಬಂದಲ್ಲಿ ಬೆನ್ನು ಹತ್ತುವುದು. ಮನೆಗೆ, ಕೆಲಸದ ಜಾಗಕ್ಕೆ ಪದೇ ಪದೇ ಬಂದು ಕಾಡುವುದು. ವಸೂಲಿಗೆ ಹೊರಗಿನ ಏಜೆಂಟರನ್ನು, ಗೂಂಡಾಗಳನ್ನು ಬಿಡುವುದು. ಸರ್ಕಾರಿ ಸೌಲಭ್ಯಕ್ಕೆ ಬೇಕಾದ ದಾಖಲೆಗಳನ್ನು ಕಿತ್ತುಕೊಳ್ಳುವುದು. ಈ ಕೊನೆಯದಕ್ಕೆ ನಮ್ಮ ಭಾಗದಲ್ಲಿ ಬಹಳ ಅರ್ಥವಿದೆ. ಪಡಿತರ ಚೀಟಿ, ಆಧಾರ್, ಪಾಸ್‌ಬುಕ್ ಇನ್ನೊಬ್ಬರ ಕೈಯಲ್ಲಿದ್ದರೆ ಆ ಮನೆಯ ಅಕ್ಕಿಯೂ ಗೃಹಲಕ್ಷ್ಮಿಯ ಎರಡು ಸಾವಿರವೂ ಅವರ ಕೈಯಲ್ಲಿದ್ದಂತೆಯೇ. ಒತ್ತೆ ಇಟ್ಟುಕೊಂಡು ಸಾಲ ಕೊಡುವುದನ್ನೂ ಕಾನೂನು ತಡೆದಿದೆ. ಪೊಲೀಸರು ದೂರು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಅಪರಾಧಕ್ಕೆ ಜಾಮೀನಿಲ್ಲ.

ಸಾಲ ಕೊಡುವವರು ಜಿಲ್ಲಾಧಿಕಾರಿಯವರಲ್ಲಿ ನೋಂದಣಿ ಮಾಡಿಸಬೇಕು. ಎಲ್ಲೆಲ್ಲಿ ವ್ಯವಹಾರ, ಬಡ್ಡಿ ಎಷ್ಟು, ವಸೂಲಿಗೆ ಬರುವವರು ಯಾರು ಎಂಬುದನ್ನು ಬರೆದುಕೊಡಬೇಕು. ಸಾಲದ ಕಾಗದಪತ್ರ ಕನ್ನಡದಲ್ಲಿರಬೇಕು. ಇನ್ನು ಕಾನೂನಿನ ಅತಿ ದೊಡ್ಡ ಮಾತು: ನೋಂದಣಿಯಾಗಲಿ ಪರವಾನಗಿಯಾಗಲಿ ಇಲ್ಲದವರು ರೈತರು, ಮಹಿಳೆಯರು, ಭೂಮಿಯಿಲ್ಲದ ಕೂಲಿಕಾರರು, ಬೀದಿ ವ್ಯಾಪಾರಿಗಳು, ಕಟ್ಟಡ ಕಾರ್ಮಿಕರು, ಗುಳೆ ಹೋಗುವವರಂಥ ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿಸಮೇತ ತೀರಿದಂತೆಯೇ ಲೆಕ್ಕ. ಅದರ ವಸೂಲಿಗೆ ಸಿವಿಲ್ ನ್ಯಾಯಾಲಯ ದಾವೆಯನ್ನೇ ತೆಗೆದುಕೊಳ್ಳುವಂತಿಲ್ಲ.

ಈ ಸಾಲನ್ನು ಅರ್ಧ ಓದಿದವರೇ 'ಸಂಘದ ಸಾಲ ಮನ್ನಾ ಆತಂತ' ಎಂದು ನಂಬುವುದು. ಆಗಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕುಗಳು ಮತ್ತು ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ಈ ರಾಜ್ಯ ಕಾನೂನು ಅನ್ವಯಿಸುವುದಿಲ್ಲ. ಗುಂಪಿನ ಸಾಲ ಕೊಡುವ ಹೆಸರಾಂತ ಕಂಪನಿಗಳೆಲ್ಲ ಈ ಹೊರಗುಳಿದ ಪಟ್ಟಿಯಲ್ಲೇ ಇವೆ.

ಹೀಗೇಕೆ ಎಂದು ಸಿಟ್ಟು ಬರುವುದು ಸಹಜ. ಕಾರಣ ತಿಳಿಯಲು ನಮ್ಮ ಪೂರ್ವದ ಗಡಿ ದಾಟಿ ನೋಡಬೇಕು. 2010ರ ಅಕ್ಟೋಬರ್‌ನಲ್ಲಿ, ಆಗಿನ ಅಖಂಡ ಆಂಧ್ರಪ್ರದೇಶದಲ್ಲಿ, ಇಂಥದ್ದೇ ಆತ್ಮಹತ್ಯೆಗಳ ನಂತರ ರಾಜ್ಯಪಾಲ ಇ.ಎಸ್.ಎಲ್. ನರಸಿಂಹನ್ ಅವರು ಮೈಕ್ರೊ ಫೈನಾನ್ಸ್ ನಿಯಂತ್ರಣದ ಸುಗ್ರೀವಾಜ್ಞೆ ಹೊರಡಿಸಿದರು. ಅದು ಎಲ್ಲ ಕಂಪನಿಗಳಿಗೂ ಅನ್ವಯವಾಯಿತು. ಕಂತು ಕಟ್ಟುವುದು ನಿಂತೇಹೋಯಿತು. ಕಿರುಕುಳ ಕಡಿಮೆಯಾಯಿತು, ಹೊಸ ಸಾಲವೂ ನಿಂತಿತು, ಬಡವರು ತಿರುಗಿ ಬಡ್ಡಿ ಸಾಹುಕಾರರ ಬಾಗಿಲಿಗೆ ಹೋದರು. ಆ ಆಘಾತದಿಂದಲೇ ರಿಸರ್ವ್ ಬ್ಯಾಂಕ್ ಮಾಲೇಗಾಂ ಸಮಿತಿ ನೇಮಿಸಿ, 2011ರಲ್ಲಿ ಈ ಕಂಪನಿಗಳಿಗೆ ಪ್ರತ್ಯೇಕ ನಿಯಮ ತಂದದ್ದು. ಮುಂದೆ 2022ರ ಮೇ ತಿಂಗಳಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ರಿಸರ್ವ್ ಬ್ಯಾಂಕ್ ಹಿಡಿತದಲ್ಲಿರುವ ಕಂಪನಿಗಳಿಗೆ ರಾಜ್ಯಗಳ ಲೇವಾದೇವಿ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. 2023ರ ಫೆಬ್ರುವರಿಯಲ್ಲಿ ತೆಲಂಗಾಣ ಹೈಕೋರ್ಟ್ ಆಂಧ್ರದ ಕಾಯ್ದೆಯ ಬಗ್ಗೆಯೂ ಅದೇ ತೀರ್ಪು ಕೊಟ್ಟಿತು. ಹೀಗಾಗಿ ಕರ್ನಾಟಕ ಆ ಕಂಪನಿಗಳನ್ನೂ ಸೇರಿಸಿದ್ದರೆ ಕಾನೂನು ನ್ಯಾಯಾಲಯದಲ್ಲಿ ನಿಲ್ಲುವುದು ಅನುಮಾನವಿತ್ತು. ಇದು ಸರ್ಕಾರದ ಅಂಜಿಕೆಯಲ್ಲ, ಅದರ ಅಧಿಕಾರದ ಎಲ್ಲೆ.

ಹಾಗೆಂದು ಸಂಘದ ಸಾಲದವಳು ದಿಕ್ಕಿಲ್ಲದವಳಲ್ಲ. ಅವಳಿಗೆ ಬೇರೆ ಕಾನೂನಿದೆ: ರಿಸರ್ವ್ ಬ್ಯಾಂಕಿನ 2022ರ ಮೈಕ್ರೊ ಫೈನಾನ್ಸ್ ಸಾಲದ ನಿರ್ದೇಶನಗಳು, ಆ ವರ್ಷದ ಏಪ್ರಿಲ್ 1ರಿಂದ ಜಾರಿಯಲ್ಲಿರುವಂಥವು. ವಾರ್ಷಿಕ ಆದಾಯ 3 ಲಕ್ಷದೊಳಗಿನ ಕುಟುಂಬಕ್ಕೆ ಒತ್ತೆಯಿಲ್ಲದೆ ಕೊಟ್ಟದ್ದೇ ಮೈಕ್ರೊ ಫೈನಾನ್ಸ್ ಸಾಲ. ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ವಸೂಲಿಗೆಂದು ಫೋನ್ ಮಾಡುವಂತಿಲ್ಲ. ಕಂತು ಕಟ್ಟುವುದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸತತ ಎರಡು ಸಲ ಅಥವಾ ಹೆಚ್ಚು ಬಾರಿ ಆಕೆ ಅಲ್ಲಿಗೆ ಬಾರದಿದ್ದರೆ ಮಾತ್ರ ಸಿಬ್ಬಂದಿ ಮನೆಗೆ ಬರಬಹುದು. ಬೈಗುಳ, ಬೆದರಿಕೆ, ನೆಂಟರು ಮತ್ತು ಜೊತೆಯವರಿಗೆ ಕಿರುಕುಳ, ಹೆಸರನ್ನು ಬಹಿರಂಗಪಡಿಸುವುದು ಎಲ್ಲವೂ ನಿಷಿದ್ಧ. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಕಂತು ತಪ್ಪಿದರೆ ದಂಡ ತಪ್ಪಿದ ಮೊತ್ತಕ್ಕೆ ಮಾತ್ರ, ಇಡೀ ಸಾಲಕ್ಕಲ್ಲ. ಜೊತೆಗೆ ಭಾರತೀಯ ನ್ಯಾಯ ಸಂಹಿತೆ ಎಲ್ಲರಿಗೂ ಅನ್ವಯ. ಕಂಪನಿ ಯಾವುದೇ ಇರಲಿ, ಬಾಗಿಲಿಗೆ ಬಂದು ಬೆದರಿಸಿದರೆ 351ನೇ ಸೆಕ್ಷನ್ ಇದ್ದೇ ಇದೆ.

ಆ ನಿರ್ದೇಶನಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು. ಒಂದು ಕುಟುಂಬ ಕಟ್ಟುವ ಎಲ್ಲ ಸಾಲಗಳ ಕಂತು ಸೇರಿ ಅದರ ತಿಂಗಳ ಆದಾಯದ ಅರ್ಧ ದಾಟಬಾರದು. ಲೆಕ್ಕ ಹಾಕಿ ನೋಡೋಣ. 50 ಸಾವಿರದ ಸಾಲ, ಎರಡು ವರ್ಷ, ವರ್ಷಕ್ಕೆ ಶೇ 24 ಬಡ್ಡಿ, ಉಳಿದ ಅಸಲಿನ ಮೇಲೆ ಮಾತ್ರ. ತಿಂಗಳ ಕಂತು ಸುಮಾರು 2,644 ರೂಪಾಯಿ. ಅದೇ ಶೇ 24ನ್ನು ಮೊದಲಿನ ಅಸಲಿನ ಮೇಲೇ ಕೊನೆಯವರೆಗೆ ಹಾಕಿದರೆ ಕಂತು 3,083 ಆಗುತ್ತದೆ. ಬಾಯಲ್ಲಿ ಎರಡೂ ಇಪ್ಪತ್ನಾಲ್ಕೇ, ಆದರೆ ಎರಡು ವರ್ಷದಲ್ಲಿ ಹತ್ತೂವರೆ ಸಾವಿರದಷ್ಟು ವ್ಯತ್ಯಾಸ. ಈಗ ಮೊದಲನೇ ಲೆಕ್ಕದಲ್ಲೇ ಇಂಥ ಮೂರು ಸಾಲ ಇವೆ ಎಂದುಕೊಳ್ಳಿ. ತಿಂಗಳಿಗೆ 7,900ಕ್ಕೂ ಹೆಚ್ಚು. ಗಂಡ ಹೆಂಡತಿ ಕೂಲಿ ಮಾಡಿ ತಿಂಗಳಿಗೆ 12 ಸಾವಿರ ತರುವ ಮನೆಗೆ ಇರುವ ಮಿತಿ 6 ಸಾವಿರ. ಅಂದರೆ ಮೂರನೆಯ ಸಾಲವನ್ನು ಕೊಟ್ಟದ್ದೇ ನಿಯಮಕ್ಕೆ ವಿರುದ್ಧ. ತಪ್ಪು ಸಾಲ ತೆಗೆದುಕೊಂಡವಳದೊಂದೇ ಅಲ್ಲ, ಆದಾಯ ನೋಡದೆ ಕೊಟ್ಟವರದೂ ಇದೆ. ಕಂಪನಿಗಳ ಒಕ್ಕೂಟವೇ ಈಗ, ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಕಂಪನಿಗಳು ಸಾಲ ಕೊಡಬಾರದು, ಒಟ್ಟು ಸಾಲ 2 ಲಕ್ಷ ದಾಟಬಾರದು ಎಂದು ತನ್ನ ಸದಸ್ಯರಿಗೆ ಕಟ್ಟುಪಾಡು ಹಾಕಿಕೊಂಡಿದೆ. ಗಾಡಿ ಹಳ್ಳಕ್ಕೆ ಬಿದ್ದ ಮೇಲೆ ಹಾಕಿದ ಕಟ್ಟೆ ಅದು.

ಈ ಕಂತುಗಳು ಮುರಿದುಬೀಳುವುದು ಯಾವಾಗ ಎಂಬುದನ್ನು ಬೆಂಗಳೂರಿನವರಿಗಿಂತ ನಾವು ಚೆನ್ನಾಗಿ ಬಲ್ಲೆವು. ಕೃಷ್ಣಾ, ತುಂಗಭದ್ರಾ ಎರಡು ನದಿಗಳ ನಡುವಿನ ಜಿಲ್ಲೆ ನಮ್ಮದು. ಆದರೂ ಮಾನ್ವಿಯ ಭತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಮರ್ಜಿಯಲ್ಲಿದೆ, ದೇವದುರ್ಗದ ಹೊಲಗಳು ನಾರಾಯಣಪುರ ಬಲದಂಡೆ ಕಾಲುವೆಯನ್ನೋ ಮೋಡವನ್ನೋ ನೋಡುತ್ತ ಕೂರಬೇಕು. 2023ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ತುಂಗಭದ್ರಾ ಎಡದಂಡೆಯಲ್ಲಿ ಆ ವರ್ಷ ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಎರಡನೇ ಬೆಳೆ ಇಲ್ಲವೆಂದರೆ ನಾಟಿ ಇಲ್ಲ, ಕೊಯ್ಲು ಇಲ್ಲ, ಅಕ್ಕಿ ಗಿರಣಿಯಲ್ಲಿ ಹಮಾಲಿ ಇಲ್ಲ. ಕಂತಿನ ದಿನ ಮಾತ್ರ ತಪ್ಪದೆ ಬರುತ್ತದೆ. ಗಂಡಸರು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋದ ಮನೆಯಲ್ಲಿ, ಅಲ್ಲಿಂದ ಹಣ ಬರುವ ತನಕ ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಲ್ಲಿ ಎತ್ತುತ್ತಾರೆ, ಅದೂ ಸಾಲದಿದ್ದರೆ ಕೈಸಾಲ.

ಗುಂಪಿನ ಸಾಲದಲ್ಲಿ ಕಾನೂನಿನ ಕಣ್ಣಿಗೆ ಬೀಳದ ಒಂದು ನೋವಿದೆ. ಕಂತಿನ ದಿನ ಗುಡಿಯ ಕಟ್ಟೆಯ ಮೇಲೋ ಯಾರದೋ ಪಡಸಾಲೆಯಲ್ಲೋ ಹತ್ತೂ ಮಂದಿ ಕೂತಿರುತ್ತಾರೆ. ಒಬ್ಬಳು ಬಂದಿಲ್ಲವೆಂದರೆ ಕಂಪನಿಯ ಹುಡುಗ ಏಳುವುದಿಲ್ಲ. ಉಳಿದವರು ಕೂಲಿಗೆ ಹೋಗಬೇಕು, ಬಿಸಿಲೇರುತ್ತದೆ. ಕೊನೆಗೆ ಅವರೇ ಅವಳ ಮನೆಗೆ ಹೋಗುತ್ತಾರೆ. ಬೈಯುವವಳು ಗೆಳತಿ, ಬೈಸಿಕೊಳ್ಳುವವಳೂ ಗೆಳತಿ. ಕಂಪನಿಯವನು ಒಂದು ಮಾತೂ ಆಡಿರುವುದಿಲ್ಲ. ಯಾವ ಠಾಣೆಯಲ್ಲಿ ಯಾರ ಮೇಲೆ ದೂರು ಕೊಡುವುದು? ಇನ್ನೊಬ್ಬರ ಕಂತಿಗಾಗಿ ಗುಂಪನ್ನು ಕೂರಿಸಿ ಇಟ್ಟುಕೊಳ್ಳುವುದೂ ಬಲವಂತವೇ ಎಂದು ಸ್ಪಷ್ಟವಾಗಿ ಬರೆಯುವ ತನಕ ಈ ಸುಧಾರಣೆ ಅರ್ಧದ್ದೇ. ಅದನ್ನು ಬರೆಯಬೇಕಾದದ್ದು ರಿಸರ್ವ್ ಬ್ಯಾಂಕ್. ನಮ್ಮ ಸಂಸದರು ದೆಹಲಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಇನ್ನು ಆಡಳಿತಕ್ಕೆ ಒಂದು ಮಾತು. ಸುಗ್ರೀವಾಜ್ಞೆ ಜಾರಿಯಾಗಿ ಮೂವತ್ತು ದಿನದೊಳಗೆ ಸಾಲ ಕೊಡುವವರು ನೋಂದಣಿ ಮಾಡಿಸಬೇಕಿತ್ತು. ಹಾಗೆ ಮಾಡಿಸಿದವರ ಪಟ್ಟಿ ಜಿಲ್ಲಾಧಿಕಾರಿ ಕಚೇರಿಯ ಕಡತದಲ್ಲಿದ್ದರೆ ಏನೂ ಪ್ರಯೋಜನವಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಅದು ಇರಬೇಕು, ಗ್ರಾಮಸಭೆಯಲ್ಲಿ ಪಿಡಿಒ ಗಟ್ಟಿಯಾಗಿ ಓದಬೇಕು. ಸಾಲ ತೀರಿದಂತೆ ಎಂದು ಕಾನೂನು ಹೇಳುವುದು ಪರವಾನಗಿಯೂ ಇಲ್ಲದ, ಆ ಪಟ್ಟಿಯಲ್ಲೂ ಇಲ್ಲದವರ ಸಾಲದ ಬಗ್ಗೆ. ಪಟ್ಟಿಯೇ ಕಾಣದಿದ್ದರೆ ಹೆಂಗಸರು ಆ ಮಾತನ್ನು ಯಾರ ಮುಂದೆ ಹಿಡಿಯಬೇಕು?

ಅಗ್ಗದ ಸಾಲ ಸರ್ಕಾರದಲ್ಲಿ ಇಲ್ಲವೆಂದಲ್ಲ. ಸಹಕಾರ ಸಂಘದಲ್ಲಿ ರೈತರಿಗೆ 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆಸಾಲ ಎಂದು 2023ರ ಬಜೆಟ್‌ನಲ್ಲಿ ಹೇಳಲಾಯಿತು. ಅದು ಪಹಣಿ ಇದ್ದವರಿಗೆ. ಜೀವನೋಪಾಯ ಅಭಿಯಾನದಡಿ ಸ್ತ್ರೀಶಕ್ತಿ ಸಂಘಗಳಂಥ ಸ್ವಸಹಾಯ ಗುಂಪುಗಳಿಗೆ ಬ್ಯಾಂಕುಗಳು 3 ಲಕ್ಷದವರೆಗೆ ಶೇ 7ರ ಬಡ್ಡಿಯಲ್ಲಿ ಸಾಲ ಕೊಡಬೇಕು. ಶೇ 7 ಎಲ್ಲಿ, ಶೇ 24 ಎಲ್ಲಿ! ಆದರೂ ಹೆಂಗಸರು ದುಬಾರಿಯದಕ್ಕೇ ಹೋಗುತ್ತಾರೆಂದರೆ, ಕಂಪನಿಯವನು ಓಣಿಗೇ ಬಂದು ಕೆಲವೇ ದಿನದಲ್ಲಿ ದುಡ್ಡು ಕೊಡುತ್ತಾನೆ, ಬ್ಯಾಂಕಿನ ಸಾಲಕ್ಕೆ ಕೂಲಿ ಬಿಟ್ಟು ಪಟ್ಟಣಕ್ಕೆ ಹಲವು ಸಲ ಅಲೆಯಬೇಕು. ನಂಜುಂಡಪ್ಪ ಸಮಿತಿ 2002ರಲ್ಲೇ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತ್ತು. ಬ್ಯಾಂಕಿನ ಕೌಂಟರಿನ ಮುಂದೆ ಆ ಹಿಂದುಳಿದಿರುವಿಕೆ ಇವತ್ತಿಗೂ ಕಾಣುತ್ತದೆ.

ಈಗ ಓದುಗರಿಗೆ ಕೆಲಸಕ್ಕೆ ಬರುವ ಮಾತು. ಸಾಲದ ಕಾರ್ಡು ಅಥವಾ ಕಾಗದ ತೆಗೆದು ನೋಡಿ. ಅದರಲ್ಲಿ ಬ್ಯಾಂಕಿನ ಅಥವಾ ರಿಸರ್ವ್ ಬ್ಯಾಂಕ್ ನೋಂದಣಿಯ ಕಂಪನಿಯ ಹೆಸರು, ಬಡ್ಡಿ ದರ, ಕಂತು, ದೂರು ಕೊಡುವ ಸಂಖ್ಯೆ ಇರಲೇಬೇಕು. ಇದ್ದರೆ ಕಂತು ನಿಲ್ಲಿಸಬೇಡಿ, ಕಷ್ಟವಿದ್ದರೆ ಗಡುವು ವಿಸ್ತರಿಸಿ ಎಂದು ಬರವಣಿಗೆಯಲ್ಲಿ ಕೇಳಿ. ಕಿರುಕುಳವಾದರೆ ಮೊದಲು ಕಂಪನಿಗೆ ದೂರು, 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ. ಮಾಹಿತಿಗೆ 14448. ಬೆದರಿಕೆ, ಹಲ್ಲೆಗೆ 30 ದಿನ ಕಾಯಬೇಕಿಲ್ಲ, ನೇರ ಠಾಣೆಗೆ ಹೋಗಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ, ಅದಕ್ಕೂ ಕಾನೂನಿನ ಬಲವಿದೆ. ಕೊಟ್ಟವರು ಯಾರೆಂಬುದಕ್ಕೆ ಕಾಗದವೇ ಇಲ್ಲದಿದ್ದರೆ ಹೊಸ ಕಾಯ್ದೆ ನಿಮ್ಮ ಪರ ಇರುವ ಸಾಧ್ಯತೆ ಹೆಚ್ಚು. ಅಂಥವರು ವಕೀಲರನ್ನು ಕಾಣಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ವಕೀಲರ ನೆರವು ಉಚಿತ. ಸಹಾಯವಾಣಿ 15100. ಸಾಲದ ಚಿಂತೆಯಲ್ಲಿ ಯಾರಾದರೂ ಮಾತು ಬಿಟ್ಟು ಮಂಕಾಗಿ ಕೂತಿದ್ದರೆ ಹಗಲು ರಾತ್ರಿ ಯಾವಾಗ ಬೇಕಾದರೂ 14416ಕ್ಕೆ ಕರೆ ಮಾಡಿ. ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ರಾಯಚೂರು, ಮಾನ್ವಿ, ದೇವದುರ್ಗದ ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳಲ್ಲಿ ಒಂದು ವಿನಂತಿ. ನಿಮ್ಮ ಅವ್ವನ, ಚಿಗವ್ವನ, ಪಕ್ಕದ ಮನೆಯ ಅಕ್ಕನ ಸಾಲದ ಕಾರ್ಡು ಟ್ರಂಕಿನಲ್ಲೋ ದೇವರ ಜಗಲಿಯ ಮೇಲೋ ಇರುತ್ತದೆ. ಅದನ್ನು ತೆಗೆದು ಅವರ ಎದುರಿಗೆ ಕೂತು ಓದಿ ಹೇಳಿ. ಯಾವ ಕಂಪನಿ, ಬಡ್ಡಿ ಎಷ್ಟು, ಅಸಲು ಎಷ್ಟು ಉಳಿದಿದೆ, ಇನ್ನೆಷ್ಟು ಕಂತು ಎಂಬುದನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಈ ವಾರವೇ ಮಾಡಿ.